ಹನ್ನೊಂದು ಆಟಗಳಿಗೆ ಹಸಿರು ಚುಕ್ಕೆ

ಮಾರ್ಚ್ ೪, ಸೋಮವಾರ

ಸೋಮವಾರ ಪಾರ್ಕಿಗೆ ರಜೆ, ನಮಗಲ್ಲ. ಜನ ಬಾರದ ದಿನವೇ ಆಟದ ಯಂತ್ರಗಳಿಗೆ ಎಣ್ಣೆ ಹಾಕುವುದು, ಬೋಲ್ಟು ಬಿಗಿಯುವುದು, ನೂರಾರು ಸೀಟು ಒರೆಸುವುದು. ಸಂಜೆ ಬಸ್ಸು ಇಳಿಯುವಾಗ ಕಾಲುಗಳು ನನ್ನವು ಹೌದೋ ಅಲ್ಲವೋ ಎನ್ನುವಂತಾಗಿತ್ತು. ಈಗ ಬಕೆಟ್ಟಿನ ಬಿಸಿನೀರಿನಲ್ಲಿ ಎರಡನ್ನೂ ಇಳಿಬಿಟ್ಟುಕೊಂಡು ಕೂತಿದ್ದೇನೆ. ಪಾರ್ಕಿನವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ಎರಡು ತಿಂಗಳಿಂದ ಟಿವಿ ಪಕ್ಕದಲ್ಲಿ ಧೂಳು ತಿನ್ನುತ್ತಿತ್ತು. ಯಾರ ಹತ್ತಿರವಾದರೂ ಗೊಣಗಬೇಕಲ್ಲ. ಮನೆಯವರ ಹತ್ತಿರ ಗೊಣಗಿದರೆ ಪೇಪರು ಮಡಿಸಿಟ್ಟು ನನ್ನನ್ನೇ ನೋಡುತ್ತಾರೆ. ಅದಕ್ಕಿಂತ ಇದು ವಾಸಿ.

ಬೆಳಿಗ್ಗೆ ಮ್ಯಾನೇಜರ್ ಕರೆದರು. "ಬನ್ನಿ ಅಕ್ಕಾ, ಕೂತ್ಕೊಳ್ಳಿ" ಎಂದರು. ಈ ಮನುಷ್ಯ ಅಕ್ಕ ಎಂದಾಗಲೆಲ್ಲ ನನ್ನ ತಲೆಯ ಮೇಲೆ ಏನಾದರೊಂದು ಬೀಳುತ್ತದೆ. ಬಿತ್ತು. ಪುಟಾಣಿಗಳ ವಿಭಾಗಕ್ಕೆ ಬಣ್ಣ ಹೊಡೆಸಿ ಏಪ್ರಿಲ್ ಮೊದಲ ವಾರ ಮತ್ತೆ ತೆರೆಯುತ್ತಾರಂತೆ. ಅಲ್ಲಿರುವ ಹನ್ನೊಂದು ಆಟಗಳಲ್ಲಿ ಮೂರರಿಂದ ಐದು ವರ್ಷದ ಮಕ್ಕಳಿಗೆ ಒಗ್ಗುವ ಮೆತ್ತನೆಯ ಆಟಗಳು ಯಾವುವು ಎಂದು ತಿಂಗಳ ಕೊನೆಯೊಳಗೆ ನಾನು ಆರಿಸಿ ಕೊಡಬೇಕಂತೆ. ಆರಿಸಿದ ಆಟದ ಬೋರ್ಡಿಗೆ ಒಂದು ಹಸಿರು ಚುಕ್ಕೆ. ಚುಕ್ಕೆ ನೋಡಿಕೊಂಡು ಅಪ್ಪ ಅಮ್ಮ ನಿಶ್ಚಿಂತೆಯಿಂದ ಮಗುವನ್ನು ಕೂರಿಸಬೇಕು.

"ನಾನು ದೊಡ್ಡ ಚಕ್ರ ತಿರುಗಿಸೋಳು ಸಾರ್. ಪುಟಾಣಿಗಳ ಕಡೆ ಹೋಗೋದು ಯಾರಾದ್ರೂ ರಜೆ ಹಾಕಿದಾಗ ಮಾತ್ರ."

"ಅದಕ್ಕೇ ನಿಮಗೆ ಹೇಳ್ತಿರೋದು. ಹದಿನಾಲ್ಕು ವರ್ಷದಲ್ಲಿ ನಿಮ್ಮ ಮೇಲೆ ಒಂದು ಕಂಪ್ಲೇಂಟ್ ಇಲ್ಲ."

ಇಲ್ಲ, ನಿಜ. ಕಂಪ್ಲೇಂಟ್ ಕೊಡಬೇಕಾದವಳಿಗೆ ಇನ್ನೂ ನಾಲ್ಕು ತುಂಬಿಲ್ಲ, ಬರೆಯಲು ಬರುವುದಿಲ್ಲ. ಅವಳು ನನ್ನ ಮಗಳ ಮಗಳು. ಚೋಟುದ್ದ ಹುಟ್ಟಿದ್ದಳು ಅಂತ ಚೋಟು ಎಂದು ಕರೆಯುತ್ತೇವೆ.

ಹೋದ ತಿಂಗಳು ನೌಕರರ ಮನೆಯವರನ್ನೆಲ್ಲ ಪಾರ್ಕಿಗೆ ಕರೆಸಿದ್ದ ದಿನ ಕಪ್ಪು-ಬಸಿ ಆಟಕ್ಕೆ ನಾನು ಬದಲಿ ನಿಂತಿದ್ದೆ. ಒಂದು ದೊಡ್ಡ ತಟ್ಟೆ ತಿರುಗುತ್ತದೆ, ಅದರ ಮೇಲೆ ಮಕ್ಕಳು ಕೂರುವ ಆರು ಕಪ್ಪುಗಳು ತಾವೂ ತಿರುಗುತ್ತವೆ. ಚೋಟುವನ್ನು ನಾನೇ ಎತ್ತಿ ಕೂರಿಸಿ ಬೆಲ್ಟ್ ಹಾಕಿದೆ. ಎರಡನೇ ಸುತ್ತಿಗೇ "ಅಜ್ಜಿ, ನಿಲ್ಸು" ಎಂದು ಅರಚತೊಡಗಿದಳು. ನಾನು ನಿಲ್ಲಿಸಲಿಲ್ಲ. ನಡುವೆ ನಿಲ್ಲಿಸಲು ಇರುವುದು ಕೆಂಪು ಗುಂಡಿ ಒಂದೇ. ಒತ್ತಿದರೆ ಆಟ ಜಗ್ಗಿ ನಿಲ್ಲುತ್ತದೆ, ಮೆಕ್ಯಾನಿಕ್ ಬಂದು ನೋಡುವವರೆಗೆ ಬಂದ್, ಮೇಲೆ ಎರಡು ಪುಟ ರಿಪೋರ್ಟು. ಅಪಾಯವಿದ್ದರೆ ಮಾತ್ರ ಒತ್ತಬೇಕು ಎಂದು ನಿಯಮ. ಅಳುವುದು ಅಪಾಯವಲ್ಲ. ಎರಡೂವರೆ ನಿಮಿಷದ ಆಟ, ಈಗ ಮುಗಿಯುತ್ತದೆ ಎಂದುಕೊಂಡೆ. ಮುಗಿಯಿತು ಕೂಡ.

ಅವತ್ತಿನಿಂದ ಅವಳು ನನ್ನ ಹತ್ತಿರ ಬರುವುದಿಲ್ಲ. ಬುಧವಾರ ನನ್ನ ವಾರದ ರಜೆ. ಮೂರು ತಿಂಗಳ ಕೂಸಾಗಿದ್ದಾಗಿನಿಂದ ಬುಧವಾರ ಅವಳು ನನ್ನ ಪಾಲು. ಈಗ ಮಗಳು ಅವಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೋಗುತ್ತಾಳೆ. ನಮ್ಮ ಮನೆಯ ಮೆಟ್ಟಿಲು ಕಂಡರೆ ಅಳುತ್ತಾಳಂತೆ.

ಮಕ್ಕಳು ಮರೆಯುತ್ತವೆ. ಇವಳಮ್ಮ ಸಣ್ಣವಳಿದ್ದಾಗ ಇದಕ್ಕಿಂತ ಜೋರಾಗಿ ಅಳುತ್ತಿದ್ದಳು, ಯಾರು ಓಡಿ ಹೋಗುತ್ತಿದ್ದರು? ನೀರು ತಣ್ಣಗಾಯಿತು.

ಮಾರ್ಚ್ ೬, ಬುಧವಾರ

ರಜೆ. ಮಲಗಿಯೇ ಇದ್ದೆ. ಮನೆಯವರು ಚೋಟುಗೆಂದು ತಂದಿಟ್ಟ ಬಿಸ್ಕತ್ತಿನ ಡಬ್ಬಿ ತೆಗೆದು ನೋಡಿದರು. "ಮೆತ್ತಗಾಗಿವೆ" ಎಂದರು. ಅಷ್ಟೇ ಹೇಳಿದ್ದು. ಒಂದು ಮಾತು ಹೆಚ್ಚು ಹೇಳಿದ್ದರೆ ನಾನೂ ತಿರುಗಿ ಹೇಳುತ್ತಿದ್ದೆ. ಚಹಾದಲ್ಲಿ ಅದ್ದಿಕೊಂಡು ಅವರೇ ನಾಲ್ಕು ತಿಂದರು.

ಮಾರ್ಚ್ ೭, ಗುರುವಾರ

ಗೇಟು ತೆಗೆಯುವ ಮೊದಲೇ ಪುಟಾಣಿಗಳ ವಿಭಾಗಕ್ಕೆ ಹೋದೆ. ಜೊತೆಗೆ ಮೆಕ್ಯಾನಿಕ್ ಗ್ರೀಸಪ್ಪ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಕೈ ತೊಳೆದರೂ ಕಪ್ಪು, ತೊಳೆಯದಿದ್ದರೂ ಕಪ್ಪು. ಆದರೆ ಪಾರ್ಕಿನ ಒಂದೊಂದು ಮೋಟಾರಿನ ಕೆಮ್ಮನ್ನೂ ದೂರದಿಂದಲೇ ಗುರುತಿಸುತ್ತಾನೆ.

"ಮೆತ್ತಗೆ ಅಂದ್ರೆ ಎಷ್ಟು ಮೆತ್ತಗೆ ಅಂತ ಹೆಂಗೆ ಹೇಳೋದೋ?" ಎಂದೆ.

"ಲೋಟ ಇದೆಯಲ್ಲ ಅಕ್ಕಾ."

ಇದು ಅವನ ಹಳೆಯ ಪದ್ಧತಿ. ರಿಪೇರಿ ಮುಗಿದ ಮೇಲೆ ಸೀಟಿನ ಮೇಲೆ ಒಂದು ಸ್ಟೀಲ್ ಲೋಟ ಅಂಟಿಸಿ, ಕಂಠಮಟ್ಟ ನೀರು ತುಂಬಿ, ಆಟ ಬಿಡುತ್ತಾನೆ. ನಿಂತ ಮೇಲೆ ಲೋಟದೊಳಗೆ ಬೆರಳು ಇಳಿಸಿ ಎಷ್ಟು ಚೆಲ್ಲಿದೆ ನೋಡುತ್ತಾನೆ. ನೀರು ಚೆಲ್ಲದಿದ್ದರೆ ಮಗುವಿಗೆ ಏನಾಗುತ್ತದೆ, ನನಗೂ ಸರಿ ಎನಿಸಿತು. ಕಂಬಳಿಹುಳು ರೈಲು ಅರ್ಧ ಬೆರಳು. ಮರದ ಕುದುರೆ ಒಂದು ಬೆರಳು. ಆನೆಗಳು ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ಲೋಟ ಅರ್ಧ ಖಾಲಿ. ಗುಹೆಯ ದೋಣಿಯಲ್ಲಿ ಮಾತ್ರ ಒಂದು ಹನಿ ಅಲುಗಾಡಲಿಲ್ಲ. ಗ್ರೀಸಪ್ಪ ಆ ನೀರನ್ನು ಎತ್ತಿ ಕುಡಿದೇಬಿಟ್ಟ.

ಕಪ್ಪು-ಬಸಿಗೆ ಹೋಗಲಿಲ್ಲ. ಅದನ್ನು ಆಮೇಲೆ ನೋಡಿದರಾಯಿತು.

ಮಾರ್ಚ್ ೯, ಶನಿವಾರ

ದೊಡ್ಡ ಚಕ್ರದಲ್ಲಿ ಇವತ್ತು ಎಂಟು ಗಂಟೆ. ಕ್ಯಾಬಿನ್ನಿನ ಫ್ಯಾನು ಕೆಟ್ಟಿದೆ, ಕುರ್ಚಿಯಾದರೂ ಇದೆಯಲ್ಲ.

ಊಟದ ಹೊತ್ತಿನಲ್ಲಿ ಮಗಳಿಗೆ ಫೋನ್ ಮಾಡಿದೆ. ಫೋನನ್ನು ಚೋಟು ಕಿವಿಗೆ ಹಿಡಿದಿರಬೇಕು, ಉಸಿರು ಕೇಳುತ್ತಿತ್ತು. "ಏನ್ ತಿಂದೆ ಕಂದಾ?" ಎಂದೆ. ಉಸಿರು ದೂರ ಹೋಯಿತು.

"ಬಲವಂತ ಮಾಡೋದು ಬೇಡಮ್ಮ" ಎಂದಳು ಮಗಳು.

"ನಾನೇನ್ ಬಲವಂತ ಮಾಡ್ದೆ? ಏನ್ ತಿಂದೆ ಅಂತ ಕೇಳಿದ್ದೂ ಬಲವಂತನಾ?"

"ಅಮ್ಮಾ, ನಾನು ಬೈತಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಅವತ್ತೂ ಹಾಗೇ. ಮಗುವಿನ ಒದ್ದೆ ಚಡ್ಡಿ ಬದಲಿಸುತ್ತಾ "ನೀನೇನ್ ಮಾಡ್ತೀಯ ಬಿಡು, ನಿಮ್ಮ ರೂಲ್ಸು" ಎಂದಿದ್ದಳು. ನನ್ನನ್ನು ಬೇರೆ ಯಾರೋ ಎಂಬ ಹಾಗೆ ಕಂಡು ಮಾತಾಡುತ್ತಾಳೆ. ಫೋನ್ ಇಟ್ಟ ಮೇಲೆ ಊಟದ ಡಬ್ಬಿಯನ್ನು ಹಾಗೇ ಮುಚ್ಚಿಟ್ಟೆ.

ಮಾರ್ಚ್ ೧೧, ಸೋಮವಾರ

ಎಲ್ಲಿಂದ ಶುರು ಮಾಡಲಿ. ತಲೆ ಸಿಡಿಯುತ್ತಿದೆ.

ಪಕ್ಕದ ಬೀದಿಯ ಶಿಶುವಿಹಾರದಿಂದ ಹನ್ನೆರಡು ಮಕ್ಕಳನ್ನು ಕರೆಸಿದ್ದೆವು, ಲೋಟದ ಪಟ್ಟಿಯನ್ನು ಒಮ್ಮೆ ಪರೀಕ್ಷೆ ಮಾಡೋಣ ಎಂದು. ಎಲ್ಲಕ್ಕಿಂತ ಮೆತ್ತಗಿನದು ಗುಹೆಯ ದೋಣಿ, ಆದ್ದರಿಂದ ಅದೇ ಮೊದಲು. ದೋಣಿ ಕತ್ತಲೆಯೊಳಗೆ ಹೋದದ್ದೇ ತಡ, ಒಳಗಿನಿಂದ ಹನ್ನೆರಡು ಗಂಟಲು ಒಟ್ಟಿಗೆ ಶುರುವಾದವು. ದೋಣಿಗೇನು ಅವಸರ, ತೇಲಿಕೊಂಡು ತೇಲಿಕೊಂಡು ನಾಲ್ಕು ನಿಮಿಷಕ್ಕೆ ಹೊರಗೆ ಬಂತು. ಟೀಚರಮ್ಮ ಮೂವರನ್ನು ಸೊಂಟಕ್ಕೇರಿಸಿಕೊಂಡು ನನ್ನನ್ನು ನೋಡಿದ ನೋಟ ಹೇಳುವುದು ಬೇಡ.

"ಇಷ್ಟು ನಿಧಾನ ಹೋದ್ರೆ ಅಳದೆ ಇನ್ನೇನು ಮೇಡಂ? ಜೋರಾಗಿ ಹೋಗಿದ್ರೆ ಬೇಗನಾದ್ರೂ ಹೊರಗೆ ಬರ್ತಿದ್ವು" ಎಂದರು.

ಅರ್ಧ ಲೋಟ ಚೆಲ್ಲಿದ್ದ ಆನೆಗಳಿಂದ ಮಾತ್ರ ಯಾರೂ ಇಳಿಯಲೊಲ್ಲರು. ಪ್ರತಿ ಆನೆಯಲ್ಲೂ ಒಂದು ಹಿಡಿ ಇದೆ, ಎಳೆದರೆ ಮೇಲೆ, ಬಿಟ್ಟರೆ ಕೆಳಗೆ. ತಾವೇ ಹತ್ತಿಸಿ ತಾವೇ ಇಳಿಸಿ, ಲೋಕವನ್ನೇ ಗೆದ್ದ ಹಾಗೆ ಕೂತಿದ್ದವು. ಮರದ ಕುದುರೆಯ ಮೇಲೆ ಎರಡು ಜಡೆಯ ಹುಡುಗಿಯೊಬ್ಬಳು ಆ ಬದಿಗೆ ಹೋದಾಗ ಅಳುವುದು, ಈ ಬದಿಗೆ ಬಂದಾಗ ನಿಲ್ಲಿಸುವುದು, ಮತ್ತೆ ಆ ಬದಿಗೆ ಹೋದಾಗ ಅಳುವುದು. ನಲ್ಲಿ ತಿರುಗಿಸಿದ ಹಾಗೆ. ಆ ಬದಿಯಿಂದ ಟೀಚರಮ್ಮ ಕಾಣುವುದಿಲ್ಲ, ಅದಕ್ಕೆ.

ಗ್ರೀಸಪ್ಪ ಲೋಟವನ್ನು ಕೈಯಲ್ಲಿ ತಿರುಗಿಸುತ್ತಾ ನಿಂತಿದ್ದ. "ಲೋಟಕ್ಕೆ ಅಮ್ಮ ಇಲ್ಲ ನೋಡಿ ಅಕ್ಕಾ, ಅಲ್ಲೇ ನಾವು ಎಡವಿದ್ದು" ಎಂದ.

ನಗು ಬಂತು. ಆಮೇಲೆ ಸಿಟ್ಟು ಬಂತು. ಐದು ದಿನದ ಕೆಲಸ ನೀರಲ್ಲಿ ಹೋಮ.

ಮಾರ್ಚ್ ೧೩, ಬುಧವಾರ

ರಜೆ ಇದ್ದರೂ ಪಾರ್ಕಿಗೆ ಹೋದೆ. ಮನೆಯಲ್ಲಿ ಕೂತು ಮಾಡುವುದೇನು. ಪೇಂಟರುಗಳ ನಡುವೆ, ಕಪ್ಪು-ಬಸಿ ಒಂದನ್ನು ಬಿಟ್ಟು, ಒಂದೊಂದು ಆಟದಲ್ಲೂ ನಾನೇ ಕೂತೆ. ಐವತ್ತಾರು ವರ್ಷದ ಹೆಂಗಸು ಕಂಬಳಿಹುಳುವಿನ ಬೆನ್ನ ಮೇಲೆ ಮಂಡಿ ಮಡಚಿಕೊಂಡು ಹೋಗುವುದನ್ನು ನೋಡಿ ಪೇಂಟರೊಬ್ಬ ಬ್ರಷ್ ಬೀಳಿಸಿಕೊಂಡ. ನಗಲಿ.

ಬೇಲಿಯ ಬಳಿ ಅಮ್ಮಂದಿರು ನಿಲ್ಲುವ ಜಾಗಕ್ಕೆ ನನ್ನ ಕೆಂಪು ಕೊಡೆ ಕಟ್ಟಿದ್ದೆ. ಕೂತಲ್ಲಿಂದ ಕೊಡೆ ಎಷ್ಟು ಹೊತ್ತು ಕಾಣುವುದಿಲ್ಲ ಎಂದು ಎಣಿಸಿದೆ. ಕುದುರೆಯಲ್ಲಿ ಒಂಬತ್ತು ಎಣಿಸುವಷ್ಟು. ರೈಲಿನಲ್ಲಿ ಆರು. ಪುಟ್ಟ ಚಕ್ರದಲ್ಲಿ ಕೊಡೆ ಎಲ್ಲೂ ಮರೆಯಾಗುವುದಿಲ್ಲ. ನಾಲ್ಕು ಎಣಿಸುವವರೆಗೆ ಮಗು ತಡೆದುಕೊಳ್ಳುತ್ತದೆ, ಐದಕ್ಕೆ ತುಟಿ ಮುರಿಯುತ್ತದೆ, ಮೊನ್ನೆ ನೋಡಿದ್ದೇನೆ.

ಮನೆಗೆ ಬರುವಾಗ ಬಸ್ಸಿನಲ್ಲಿ ಹೊಳೆಯಿತು. ಅವತ್ತು ನನ್ನ ಮಗಳು ಫೋಟೋ ಚೆನ್ನಾಗಿ ಬರಲೆಂದು ಐಸ್ ಕ್ರೀಮ್ ಅಂಗಡಿಯ ಕಟ್ಟೆ ಹತ್ತಿ ನಿಂತಿದ್ದಳು. ಕಪ್ಪಿನಿಂದ ಕಂಡಿರಲಾರದು. ಅಂದರೆ ಚೋಟು ಅತ್ತದ್ದು ಅಮ್ಮ ಕಾಣದ್ದಕ್ಕೆ. ನಾನು ನಿಲ್ಲಿಸಿದ್ದರೂ ಅಷ್ಟೇ, ನಿಲ್ಲಿಸದಿದ್ದರೂ ಅಷ್ಟೇ. ಎದೆಯ ಮೇಲಿಂದ ಒಂದು ಚಪ್ಪಡಿ ಇಳಿದ ಹಾಗಾಯಿತು. ಇವತ್ತು ಎರಡು ತುತ್ತು ಹೆಚ್ಚೇ ಉಂಡೆ.

ಮಾರ್ಚ್ ೧೮, ಸೋಮವಾರ

ಹತ್ತು ಆಟ ಮುಗಿದಿದ್ದವು. ಕಪ್ಪು-ಬಸಿ ಒಂದೇ ಉಳಿದಿತ್ತು. ಆ ಆಟ ನಡೆಸುವ ಹುಡುಗಿಯನ್ನು ಗುಂಡಿಗಳ ಪೆಟ್ಟಿಗೆಯ ಬಳಿ ನಿಲ್ಲಿಸಿ, ಕೊಡೆಯನ್ನು ಐಸ್ ಕ್ರೀಮ್ ಕಟ್ಟೆಗೆ ಕಟ್ಟಿ, ಕಪ್ಪಿನೊಳಗೆ ಕೂತೆ. ಅಲ್ಲಿಂದ ಕೊಡೆ ಕಾಣಲಿಲ್ಲ, ನಾನೆಂದುಕೊಂಡ ಹಾಗೇ.

ಆದರೆ ಹುಡುಗಿ ಕಂಡಳು. ಕಪ್ಪು ಹೇಗೆ ತಿರುಗಿದರೂ ಕೊನೆಗೆ ಮುಖ ಪೆಟ್ಟಿಗೆಯ ಕಡೆಗೇ ಬರುತ್ತದೆ. ಅವಳು ನಗುತ್ತಾ ಕೈ ಬೀಸುತ್ತಿದ್ದಳು. ನಮಗೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಕಲಿಸುತ್ತಾರೆ, ಮಕ್ಕಳು ಅತ್ತರೆ ನಗುತ್ತಾ ಕೈ ಬೀಸಿ, ಧೈರ್ಯ ಬರುತ್ತದೆ ಎಂದು. ಅವತ್ತು ನಾನೂ ಬೀಸಿದ್ದೆ. ನಗುತ್ತಾ ಇದ್ದೆ.

ಎರಡೂವರೆ ನಿಮಿಷಕ್ಕೆ ಆ ಮುಖ ಇಪ್ಪತ್ತೆರಡು ಸಲ ಎದುರಿಗೆ ಬರುತ್ತದೆ. ಎಣಿಸಿದೆ.

ಚೋಟುಗೆ ಅಮ್ಮ ಕಾಣದೆ ಇದ್ದಿರಬಹುದು. ನಾನು ಕಾಣುತ್ತಲೇ ಇದ್ದೆ. ನಿಲ್ಲಿಸು ಎಂದು ಕೇಳಿದ್ದು ನನ್ನನ್ನು, ನಾನು ನಗುತ್ತಿದ್ದೆ.

ಮಾರ್ಚ್ ೧೯, ಮಂಗಳವಾರ

ಕೆಲಸಕ್ಕೆ ಹೋದೆ. ಬಂದೆ.

ಮಾರ್ಚ್ ೨೧, ಗುರುವಾರ

ಮಂಗಳವಾರದಿಂದ ಗ್ರೀಸಪ್ಪನ ಬೆನ್ನು ಬಿದ್ದಿದ್ದೆ. ಕಪ್ಪು-ಬಸಿ ಜಗ್ಗದೆ, ರಿಪೋರ್ಟು ಬೇಡದೆ, ಮೆಲ್ಲಗೆ ನಡುವೆಯೇ ನಿಲ್ಲುವ ಹಾಗೆ ಏನಾದರೂ ಮಾಡಿಕೊಡು ಎಂದೆ.

"ಯಾಕೆ ಅಕ್ಕಾ? ಅದೇ ನಿಲ್ಲತ್ತಲ್ಲ, ಟೈಮಾದಾಗ."

"ಟೈಮಾದಾಗ ನಾನೂ ನಿಲ್ತೀನಿ. ಬೇಕಾದಾಗ ನಿಲ್ಲಬೇಕು."

ಎರಡು ದಿನ ತಲೆ ಕೆರೆದುಕೊಂಡ. ಹಾಳಾದ ಹಳೆಯ ರೈಲಿನ ಆಟದಿಂದ ಮೋಟಾರಿನ ವೇಗ ಇಳಿಸುವ ಡಬ್ಬಿಯೊಂದನ್ನು ಬಿಚ್ಚಿಟ್ಟಿದ್ದನಂತೆ, ಅದನ್ನು ತಂದು ಕೂರಿಸಿದ. ಮನೆಯ ಫ್ಯಾನಿಗೆ ಇರುವಂಥದೇ ಒಂದು ತಿರುಪು. ಎಡಕ್ಕೆ ತಿರುಗಿಸಿದರೆ ನಾಲ್ಕು ಎಣಿಸುವಷ್ಟರಲ್ಲಿ ಕಪ್ಪುಗಳು ನಿದ್ದೆ ಹೋದ ಹಾಗೆ ನಿಲ್ಲುತ್ತವೆ. ಬಲಕ್ಕೆ ತಿರುಗಿಸಿದರೆ ಮತ್ತೆ ಹೊರಡುತ್ತವೆ.

"ಹದಿನಾಲ್ಕು ವರ್ಷದಲ್ಲಿ ಯಾರೂ ಕೇಳಿರ್ಲಿಲ್ಲ ನೋಡಿ" ಎಂದ. ಅವನಿಗೆ ಚಹಾ ಕುಡಿಸಿದೆ.

ಮಾರ್ಚ್ ೨೫, ಸೋಮವಾರ

ಅದೇ ಹನ್ನೆರಡು ಮಕ್ಕಳು ಮತ್ತೆ ಬಂದರು. ಟೀಚರಮ್ಮನನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು. ಕಪ್ಪು-ಬಸಿ ಬಿಡುವ ಮೊದಲು ಎಲ್ಲರಿಗೂ ಹೇಳಿದೆ, "ಯಾರಿಗೆ ಬೇಡ ಅನ್ಸುತ್ತೋ ಕೈ ಎತ್ತಿ. ನಿಲ್ಲಿಸ್ತೀನಿ."

ತಟ್ಟೆ ಒಂದು ಸುತ್ತು ಹೋಗಿರಲಿಲ್ಲ, ಒಂದು ಕೈ ಎದ್ದಿತು. ನಿಲ್ಲಿಸಿದೆ. ಕೈ ಎತ್ತಿದವನು ಸುತ್ತ ನೋಡಿ, ನನ್ನನ್ನು ನೋಡಿ, "ಹೂಂ, ಹೋಗ್ಲಿ" ಎಂದ, ದೊಡ್ಡ ಸಾಹೇಬನ ಹಾಗೆ. ಬಿಟ್ಟೆ. ಇನ್ನೊಂದು ಕೈ. ಅದಾದ ಮೇಲೆ ಮತ್ತೊಂದು. ನಿಲ್ಲುತ್ತದೋ ಇಲ್ಲವೋ ನೋಡಲೆಂದೇ ಎತ್ತುತ್ತಿದ್ದಾರೆ ಎಂದು ಗೊತ್ತಾಯಿತು, ಆದರೂ ಎತ್ತಿದಾಗಲೆಲ್ಲ ನಿಲ್ಲಿಸಿದೆ. ಎರಡೂವರೆ ನಿಮಿಷದ ಆಟ ಇಪ್ಪತ್ತು ನಿಮಿಷ ಹಿಡಿಯಿತು. ಕೈ ಎತ್ತಿ ಎತ್ತಿ ಅವಕ್ಕೇ ಬೇಜಾರಾಗಿ ಕೊನೆಗೆ ಸುಮ್ಮನೆ ತಿರುಗಿದವು. ಒಬ್ಬರೂ ಅಳಲಿಲ್ಲ. ಎರಡು ಜಡೆಯವಳು ಇಳಿಯುವಾಗ ನನ್ನ ಬೆರಳು ಹಿಡಿದುಕೊಂಡಳು.

ನನ್ನ ತಲೆಯನ್ನಂತೂ ತಿಂದು ತೇಗಿದವು. ಕಾಲು ಊದಿ ಚಪ್ಪಲಿ ಹಿಡಿಸುತ್ತಿಲ್ಲ. ಇಂಥ ಕೆಲಸ ದಿನಾ ಮಾಡುವವರ ಪಾಡು ದೇವರಿಗೇ ಪ್ರೀತಿ.

ಮಾರ್ಚ್ ೨೭, ಬುಧವಾರ

ಮಗಳ ಮನೆಗೆ ಹೋಗಿದ್ದೆ. ಹೇಳಿ ಹೋಗಿರಲಿಲ್ಲ. ಹೇಳಿದ್ದರೆ ಬೇಡ ಎನ್ನುತ್ತಿದ್ದಳು. ಸಂಜೆ, ಅವಳು ಆಗಷ್ಟೇ ಕೆಲಸದಿಂದ ಬಂದು ಮುಖ ತೊಳೆಯುತ್ತಿದ್ದಳು. ನನ್ನನ್ನು ಕಂಡದ್ದೇ ಚೋಟು ಕೋಣೆಯೊಳಗೆ ಓಡಿ ಬಾಗಿಲ ಹಿಂದೆ ನಿಂತಳು. ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಪುಟ್ಟ ಪಾದ ಕಾಣುತ್ತಿದ್ದವು. ಬಾ ಬಾ ಎಂದು ಕರೆಯಲಿಲ್ಲ. ಬಾಗಿಲಿನ ಈಚೆ ನೆಲದ ಮೇಲೆ ಕೂತೆ. ಕೂರುವಾಗ ಮಂಡಿ ಎರಡೂ ಲಟಕ್ಕೆಂದವು.

ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡು ಹೋಗಿದ್ದೆ, ಒಂದೂ ನೆನಪಾಗಲಿಲ್ಲ. "ಚೋಟು, ಅವತ್ತು ನೀನು ನಿಲ್ಸು ಅಂದಿದ್ದು ನಂಗೆ ಕೇಳಿಸ್ತು" ಎಂದೆ. "ಕೇಳಿಸ್ತು, ಆದ್ರೂ ನಿಲ್ಲಿಸ್ಲಿಲ್ಲ. ತಪ್ಪು ನಂದು."

ಮಗಳು ಟವೆಲ್ ಹಿಡಿದುಕೊಂಡು ಹಾಗೇ ನಿಂತಿದ್ದಳು. ಸಂದಿಯಲ್ಲಿ ಪಾದಗಳು ಒಂದರ ಮೇಲೊಂದು ಹತ್ತಿದವು, ಇಳಿದವು. ಆಮೇಲೆ ಚೋಟು ಕೇಳಿದಳು:

"ಆ ಆಟಕ್ಕೆ ನಿಲ್ಲೋಕೆ ಬರುತ್ತಾ?"

"ಮುಂಚೆ ಸರಿಯಾಗಿ ಬರ್ತಿರ್ಲಿಲ್ಲ. ಈಗ ಕಲ್ತಿದೆ."

ಕತ್ತಲಾಗುವ ಮೊದಲು ಎದ್ದು ಬಂದೆ. ಹೋದದ್ದರಿಂದ ಏನು ಪ್ರಯೋಜನವಾಯಿತೋ ಕಾಣೆ. ಬಾಗಿಲಂತೂ ತೆರೆಯಲಿಲ್ಲ. ಮಗಳು ಬಸ್ ಸ್ಟಾಪಿನವರೆಗೆ ಬಂದಳು, ದಾರಿಯಲ್ಲಿ ನನ್ನ ಚೀಲ ಇಸಿದುಕೊಂಡು ತಾನೇ ಹಿಡಿದಳು.

ಮಾರ್ಚ್ ೨೯, ಶುಕ್ರವಾರ

ಪಟ್ಟಿ ಕೊಟ್ಟೆ. ಹನ್ನೊಂದರಲ್ಲಿ ಐದಕ್ಕೆ ಹಸಿರು ಚುಕ್ಕೆ. ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

"ಐದೇನಾ? ನಾನು ಎಂಟಾದ್ರೂ ಇರುತ್ತೆ ಅಂದ್ಕೊಂಡಿದ್ದೆ. ಗುಹೆ ದೋಣಿಗೆ ಯಾಕಿಲ್ಲ? ಮಲಗಿಸಿದ ಹಾಗೆ ಹೋಗತ್ತೆ ಅದು."

"ಕತ್ತಲೆ ಸಾರ್. ಒಳಗೆ ದೀಪ ಹಾಕ್ಸಿ, ಆಮೇಲೆ ನೋಡೋಣ."

"ಸರಿ ಬಿಡಿ. ಕಪ್ಪು-ಬಸಿಗೆ ಮಾತ್ರ ಬೇಕೇ ಬೇಕು. ಎಲ್ಲರೂ ಫೋಟೋ ತೆಗೆಯೋದು ಅಲ್ಲೇ."

"ನಡುವೆ ನಿಲ್ಲಿಸೋಕೆ ಬಿಡೋದಾದ್ರೆ ಹಾಕ್ತೀನಿ. ಮಗು ಬೇಡ ಅಂದ್ರೆ ನಿಲ್ಲಬೇಕು. ರಿಪೋರ್ಟು ಬರೆಸಬಾರ್ದು."

"ಅಳೋ ಮಕ್ಕಳಿಗೆಲ್ಲ ನಿಲ್ಲಿಸ್ತಾ ಹೋದ್ರೆ ಕ್ಯೂ ಮುಂದೆ ಹೋಗತ್ತಾ? ಸ್ವಲ್ಪ ಅತ್ತು ಸುಮ್ಮನಾಗ್ತವೆ. ನಿಮಗೆ ಗೊತ್ತಿಲ್ವಾ ಅಕ್ಕಾ, ನೀವೂ ಮಕ್ಕಳನ್ನ ಸಾಕಿದವರು."

ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. "ಸುಮ್ಮನಾಗ್ತವೆ ಸಾರ್. ಆಮೇಲೆ ನಮ್ಮ ಹತ್ರ ಮಾತೇ ಆಡಲ್ಲ" ಎಂದೆ. ದನಿ ಸ್ವಲ್ಪ ಏರಿತ್ತೇನೋ. ಆಫೀಸಿನವರು ತಿರುಗಿ ನೋಡಿದರು.

ಮ್ಯಾನೇಜರ್ ಪೆನ್ನು ತೆಗೆದು ಪಟ್ಟಿಯಲ್ಲಿ ಕಪ್ಪು-ಬಸಿಗೆ ಗುರುತು ಹಾಕಿದರು. "ಹಾಗಾದ್ರೆ ನೀವೇ ನಿಂತ್ಕೊಳ್ಳಿ ಅಲ್ಲಿ. ಏಪ್ರಿಲ್‌ನಿಂದ ಕಪ್ಪು-ಬಸಿ ನಿಮ್ಮದು. ಕ್ಯೂ ಗಲಾಟೆ ಆದ್ರೆ ಜವಾಬ್ದಾರಿನೂ ನಿಮ್ಮದೇ."

ನನ್ನ ಬಾಯಿಗೆ ಬೀಗ ಹಾಕಿಕೊಳ್ಳಬಾರದಿತ್ತೇ. ದೊಡ್ಡ ಚಕ್ರದಲ್ಲಿ ಕುರ್ಚಿ ಇತ್ತು, ಕೆಟ್ಟದ್ದಾದರೂ ಒಂದು ಫ್ಯಾನು ಇತ್ತು. ಇಲ್ಲಿ ದಿನವಿಡೀ ನಿಂತು ಮಕ್ಕಳನ್ನು ಎತ್ತಿ ಇಳಿಸುವ ಕೆಲಸ. ನಾನಾಗಿ ಕೈಯಾರೆ ಮೈಮೇಲೆ ಎಳೆದುಕೊಂಡೆ. ಮನೆಯವರಿಗೆ ಹೇಳಿದೆ. ಪೇಪರು ಮಡಿಸಿಟ್ಟು ನನ್ನನ್ನೇ ನೋಡಿ, ಬಿಸಿನೀರು ಕಾಯಿಸಲು ಎದ್ದು ಹೋದರು.

ಮಾರ್ಚ್ ೩೧, ಭಾನುವಾರ

ಮಗಳ ಫೋನು. "ನಾಲ್ಕು ದಿನದಿಂದ ಒಂದೇ ಹಾಡಮ್ಮ. ನಿಜವಾಗ್ಲೂ ನಿಲ್ಲತ್ತಾ, ಅಜ್ಜಿ ತೋರಿಸ್ತಾಳಾ ಅಂತ. ನಾಳೆ ನಾನು ರಜೆ ಹಾಕಿದ್ದೀನಿ. ಕರ್ಕೊಂಡ್ ಬರ್ಲಾ?"

ಬಾ ಎಂದೆ. ಮ್ಯಾನೇಜರ್‌ಗೆ ಹೇಳಲಿಲ್ಲ.

ಏಪ್ರಿಲ್ ೧, ಸೋಮವಾರ

ಹತ್ತು ಗಂಟೆಗೆ ಬಂದರು. ಪಾರ್ಕಿನಲ್ಲಿ ಜನರಿಲ್ಲ, ಬಣ್ಣದ ವಾಸನೆ. ಚೋಟು ಬೇಲಿಯ ಹೊರಗೇ ಅಮ್ಮನ ಬೆರಳು ಹಿಡಿದು ನಿಂತಳು. ಒಂದೂವರೆ ತಿಂಗಳಿಗೇ ಎತ್ತರವಾಗಿದ್ದಾಳೆ, ಅಥವಾ ನನಗೆ ಹಾಗೆ ಕಂಡಿತೋ. ಹತ್ತಿರ ಹೋಗಬೇಕು ಎನಿಸಿತು. ಹೋಗದೆ ಪೆಟ್ಟಿಗೆಯ ಬಳಿಯೇ ನಿಂತೆ.

"ಬಿಡು" ಎಂದಳು.

ಬಿಟ್ಟೆ. ಖಾಲಿ ಕಪ್ಪುಗಳು ತಿರುಗಿದವು.

"ನಿಲ್ಸು."

ನಿಲ್ಲಿಸಿದೆ. ಕಪ್ಪುಗಳನ್ನಲ್ಲ, ನನ್ನ ಕೈಯನ್ನು ನೋಡುತ್ತಿದ್ದಳು. ಬಿಡು ಎಂದಳು, ಬಿಟ್ಟೆ. ನಿಲ್ಸು ಎಂದಳು, ನಿಲ್ಲಿಸಿದೆ. ಹೀಗೆ ಎಷ್ಟು ಸಲವೋ. ಒಮ್ಮೊಮ್ಮೆ ಪೂರ್ತಿ ವೇಗಕ್ಕೆ ಬರುವ ಮೊದಲೇ ನಿಲ್ಸು ಎನ್ನುವಳು. ಗ್ರೀಸಪ್ಪ ಬಂದು ಕಿವಿಯಲ್ಲಿ, "ಅಕ್ಕಾ, ಮೋಟಾರು ಬಿಸಿಯಾಗ್ತಿದೆ" ಎಂದ. "ಆಗ್ಲಿ ಬಿಡೋ" ಎಂದೆ.

ಆಮೇಲೆ ಅವಳು ಬೇಲಿಯ ಗೇಟಿನವರೆಗೆ ಬಂದಳು. ಹತ್ತುತ್ತಾಳೆ ಎಂದುಕೊಂಡೆ.

"ನೀನು ಕೂತ್ಕೋ ಅಜ್ಜಿ. ನಾನು ಬಿಡ್ತೀನಿ."

ಮಗಳು "ಏ, ಬೇಡ" ಎಂದಳು. ನಾನು ಕೂತೆ. ಗ್ರೀಸಪ್ಪ ಸಾಮಾನಿನ ಪೆಟ್ಟಿಗೆ ತಂದಿಟ್ಟು ಅವಳನ್ನು ಅದರ ಮೇಲೆ ನಿಲ್ಲಿಸಿದ. ತಾನು ಬೆನ್ನ ಹಿಂದೆಯೇ ನಿಂತ. ಅವಳು ಎರಡೂ ಕೈಯಲ್ಲಿ ತಿರುಪು ಹಿಡಿದು ಬಲಕ್ಕೆ ತಿರುಗಿಸಿದಳು.

ಹೊರಟಿತು. ಎರಡೂವರೆ ನಿಮಿಷ ಬಾಯಿ ಮುಚ್ಚಿಕೊಂಡು ಕೂರಬೇಕು, ಅಷ್ಟಾದರೂ ನಾನು ಪಡಬೇಕಾದದ್ದೇ ಎಂದು ಗಟ್ಟಿ ಮಾಡಿಕೊಂಡಿದ್ದೆ. ಆಗಲಿಲ್ಲ. ಮೂರನೇ ಸುತ್ತಿಗೆ ಬೇಲಿ, ಮರ, ಆಕಾಶ ಎಲ್ಲ ಕಲಸಿಹೋದವು. ಪ್ರತಿ ಸುತ್ತಿಗೂ ಆ ಪುಟ್ಟ ಮುಖವೊಂದು ಮಾತ್ರ ಎದುರಿಗೆ ಬರುತ್ತಿತ್ತು. ನಗುತ್ತಿರಲಿಲ್ಲ. ತುಟಿ ಕಚ್ಚಿಕೊಂಡು ನನ್ನನ್ನೇ ನೋಡುತ್ತಿತ್ತು. ನನಗೆ ಭಯವಾಯಿತು, ಸುಳ್ಳು ಏಕೆ ಹೇಳಲಿ. ನಿಲ್ಸು ಎನ್ನಲು ಬಾಯಿ ತೆಗೆಯಬೇಕು, ಅಷ್ಟರಲ್ಲಿ ಕಪ್ಪು ನಿಧಾನವಾಗತೊಡಗಿತ್ತು.

ನಿಂತಿತು. ಗ್ರೀಸಪ್ಪ ಕೈ ಎರಡೂ ಮೇಲೆತ್ತಿ ತೋರಿಸಿದ. "ನಾನು ಮುಟ್ಟಿಲ್ಲ ಅಕ್ಕಾ. ನಿಮ್ಮ ಮುಖ ನೋಡಿ ಅವಳೇ ತಿರುಗಿಸಿದ್ಲು."

ಚೋಟು ಪೆಟ್ಟಿಗೆಯಿಂದ ಇಳಿದು, ಗೇಟು ದಾಟಿ, ತಟ್ಟೆ ಹತ್ತಿ, ಕಪ್ಪಿನ ಅಂಚು ಹಿಡಿದುಕೊಂಡು ನಿಂತಳು.

"ಭಯ ಆಯ್ತಾ ಅಜ್ಜಿ?"

"ಆಯ್ತು ಕಣೆ."

ಫ್ರಾಕಿನ ತುದಿಯಿಂದ ನನ್ನ ಕೆನ್ನೆ ಒರೆಸಿದಳು. "ಅಳ್ಬೇಡ" ಎಂದಳು. "ನಿಲ್ಲಿಸಿದ್ದೀನಲ್ಲ."